ಟಾಪು ಕೊಯ್ದ ಕಾರು

ಮೇ ತಿಂಗಳ ಆ ಭಾನುವಾರ ಬೆಳಿಗ್ಗೆ ಏಳಕ್ಕೇ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಬೈಕಂಪಾಡಿಯಲ್ಲಿ ಪರಿಚಯದವರೊಬ್ಬರ ಗೋದಾಮಿನ ಅಂಗಳದಲ್ಲಿ ಬಗ್ಗಿ ಸುಣ್ಣದ ಹುಡಿಯಿಂದ ಗೆರೆ ಎಳೆಯುತ್ತಿದ್ದೆ. ಎರಡು ಗೆರೆಗಳ ನಡುವೆ ಒಂದು ಕಾರು. ಹಾಗೆ ಇಪ್ಪತ್ತೆರಡು ಕಾರುಗಳಿಗೆ ಜಾಗ ಆಗಬೇಕಿತ್ತು. ಎಂಟನೆಯ ಗೆರೆಗೆ ಬಂದಾಗ ಸೊಂಟ ಹಿಡಿದುಕೊಂಡಿತು. ಅಲ್ಲೇ ಒಂದು ಕಲ್ಲಿನ ಮೇಲೆ ಕುಳಿತೆ. ಇಷ್ಟು ವರ್ಷ ಇದು ನನಗೆ ನಿಜವಾಗಿಯೂ ಖುಷಿಯ ಕೆಲಸವಾಗಿತ್ತೇ ಎಂಬ ಅನುಮಾನ ಆಗ ಮೊದಲ ಬಾರಿಗೆ ಬಂತು.

ನಾನು ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್, ಫಿಟ್ಟಿಂಗ್ ಕಲಿಸಿ ನಿವೃತ್ತನಾದವನು. ಹಾಗಾಗಿ ಎಲ್ಲರಿಗೂ ‘ಮಾಸ್ಟ್ರು’. ಹಳೆಯ ಗಾಡಿಗಳ ಹುಚ್ಚು ಹಿಡಿದ ನಾವು ಕೆಲವರು ಬೇಸಗೆಗೊಮ್ಮೆ ನಮ್ಮ ನಮ್ಮ ಗಾಡಿ ತಂದು ಒಂದು ಕಡೆ ನಿಲ್ಲಿಸುವುದು, ಬಾನೆಟ್ ತೆರೆದಿಟ್ಟು ಮಧ್ಯಾಹ್ನದವರೆಗೆ ಮಾತಾಡುವುದು, ಇಷ್ಟೇ ಕಾರ್ಯಕ್ರಮ. ಮೊದಲ ವರ್ಷ ಐದು ಗಾಡಿ ಬಂದಿದ್ದವು. ಆಮೇಲೆ ಹೆಚ್ಚಾದವು. ಹೆಚ್ಚಾದ ಹಾಗೆ ಶಾಮಿಯಾನ, ಕುರ್ಚಿ, ಕುಡಿಯುವ ನೀರು, ಠಾಣೆಗೆ ಅರ್ಜಿ ಎಲ್ಲ ನನ್ನ ತಲೆಗೆ ಬಂತು. ಬೆನ್ನುನೋವು ಜೋರಾಗಿ ನನ್ನ ಜೀಪನ್ನು ಎರಡು ವರ್ಷದ ಹಿಂದೆಯೇ ಬೇರೆಯವರಿಗೆ ಕೊಟ್ಟುಬಿಟ್ಟಿದ್ದೆ. ಈ ಕೆಲಸ ಮಾತ್ರ ಬಿಡಲಾಗಲಿಲ್ಲ, ಯಾಕೆಂದರೆ ಬೇರೆ ಯಾರೂ ತೆಗೆದುಕೊಳ್ಳಲಿಲ್ಲ. ಆ ದಿನ ಸ್ಕೂಟರ್ ಹೊರಗೆ ತೆಗೆಯುವಾಗ ಹೆಂಡತಿ ಕೇಳಿದ್ದಳು, “ಗಾಡಿಯೇ ಇಲ್ಲ ನಿಮಗೆ. ಮತ್ತೆ ಎಂತಕ್ಕೆ ಹೋಗುವುದು?”

“ಇದೊಂದು ಸಲ,” ಎಂದಿದ್ದೆ. ಹಿಂದಿನ ವರ್ಷವೂ ಅದನ್ನೇ ಹೇಳಿದ್ದೆ.

ನಮ್ಮಲ್ಲಿ ಎರಡು ಪಂಗಡ. ಕಂಪೆನಿಯಿಂದ ಬಂದ ಹಾಗೆಯೇ, ಒಂದು ಸ್ಕ್ರೂ ಕೂಡ ಬದಲಾಯಿಸದೆ ಕಾರನ್ನು ಕಾಪಾಡಿಕೊಂಡವರು ಒಂದು ಕಡೆ. ಕೊಯ್ದು, ಬೆಸೆದು, ತಗ್ಗಿಸಿ, ಅಗಲದ ಚಕ್ರ ಹಾಕಿ, ಬೇಕಾದ ಬಣ್ಣ ಬಳಿದು ಹೊಸ ರೂಪ ಕೊಟ್ಟವರು ಇನ್ನೊಂದು ಕಡೆ. ಆ ದಿನ ಗೋದಾಮಿನ ಗೋಡೆಯ ಪಕ್ಕ ಒಂಬತ್ತು ಕಾರಿಗೆ ಸಾಕಾಗುವಷ್ಟು ನೆರಳಿತ್ತು. ಅದಕ್ಕಾಗಿ ಎಂಟೂವರೆಗೇ ಜಗಳ ಶುರುವಾಯಿತು.

“ನಮ್ಮದು ಒರಿಜಿನಲ್ ಪೈಂಟ್ ಮಾಸ್ಟ್ರೇ, ಬಿಸಿಲಿಗೆ ಹೋಗ್ತದೆ,” ಎಂದು ಒಬ್ಬರು.

“ನಮ್ಮದೆಂತ ಸುಣ್ಣವಾ?” ಎಂದು ಇನ್ನೊಬ್ಬರು.

ಅರವತ್ತು ದಾಟಿದವರು ನೆರಳಿಗಾಗಿ ಮುಖ ಊದಿಸಿಕೊಂಡದ್ದನ್ನು ನೋಡಿ ನನಗೆ ನಗುವೂ ಬರಲಿಲ್ಲ. ಮೊದಲು ಬಂದವರಿಗೆ ನೆರಳು ಎಂದು ಹೇಳಿ ನೀರಿನ ಕ್ಯಾನು ಇಳಿಸಲು ಹೋದೆ.

ನೆರಳು ಸಿಕ್ಕಿದವರಲ್ಲಿ ನಮ್ಮ ಎಲ್ಲರಿಗಿಂತ ಹಿರಿಯರೊಬ್ಬರಿದ್ದರು. ಎಪ್ಪತ್ತಾರು ವರ್ಷ. ದೊಡ್ಡ ಗುತ್ತಿನ ಮನೆಯವರು, ಹಿಂದೆ ಊರಿನ ಜಮೀನ್ದಾರರು. ಭೂಸುಧಾರಣೆಯಲ್ಲಿ ಗದ್ದೆಗಳು ಹೋದ ಮೇಲೆ ಆ ಕುಟುಂಬ ಹೋಟೆಲು ನಡೆಸಿ ಬೆಳೆದಿತ್ತು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಅವರ ಹತ್ತಿರ ಬಿಳಿಯ ಒಂದು ಹಳೆಯ ವಿದೇಶಿ ಕಾರು ಇತ್ತು, ಕನ್ನಡಿಯ ಹಾಗೆ ಇಟ್ಟಿದ್ದರು. ಮೊಣಕಾಲು ಕೈಕೊಟ್ಟ ಮೇಲೆ ತಾವು ಓಡಿಸುತ್ತಿರಲಿಲ್ಲ. ಐವತ್ತು ದಾಟಿದ ಡ್ರೈವರರೊಬ್ಬರು ಕರೆತರುತ್ತಿದ್ದರು.

ಹತ್ತು ಗಂಟೆಯ ಹೊತ್ತಿಗೆ ಗೇಟಿನಲ್ಲಿ ದೊಡ್ಡ ಸದ್ದು ಕೇಳಿತು. ಒಂದು ಅಂಬಾಸಿಡರ್ ಒಳಗೆ ಬಂತು. ಅಂಬಾಸಿಡರ್ ಎಂದು ಅದರ ಮೂತಿ ನೋಡಿ ಹೇಳಬೇಕು, ಅಷ್ಟೆ. ಟಾಪು ಇರಲಿಲ್ಲ. ಹಿಂದಿನ ಬಾಗಿಲುಗಳನ್ನು ಬೆಸೆದು ಮುಚ್ಚಿ, ಇಡೀ ಕಾರನ್ನು ನೆಲದ ಹತ್ತಿರಕ್ಕೆ ತಗ್ಗಿಸಿ, ಮುಂದೆ ಎರಡೇ ಸೀಟು ಉಳಿಸಿ, ಹಿಂಬದಿಗೆ ಉದ್ದಕ್ಕೆ ಇಳಿಜಾರಾಗಿ ತಗಡು ಹಾಕಲಾಗಿತ್ತು. ಬಣ್ಣ ಕಡು ಹಸಿರು. ಬೆಸುಗೆಯ ಒಂದು ಗುರುತೂ ಹೊರಗೆ ಕಾಣುತ್ತಿರಲಿಲ್ಲ. ಅದೇ ಕೆಲಸ ಕಲಿಸಿದವನಿಗೆ ಅದರ ಹಿಂದಿನ ಶ್ರಮ ಗೊತ್ತು.

ಓಡಿಸಿಕೊಂಡು ಬಂದವನು ಕಾವೂರಿನವನು, ಐವತ್ತೈದರ ಆಸುಪಾಸಿನವನು. ಇಪ್ಪತ್ತೆರಡು ವರ್ಷ ಗಲ್ಫಿನಲ್ಲಿ ದುಡಿದು ವಾಪಸಾಗಿದ್ದ. ಗುಜರಿ ಅಂಗಡಿಯಿಂದ ತಂದ ಕಾರನ್ನು ನಾಲ್ಕು ವರ್ಷ ಮನೆಯ ಹಿತ್ತಿಲಲ್ಲಿ ಕುಳಿತು ಹೀಗೆ ಮಾಡಿದ್ದ. ನಮ್ಮ ಮೀಟಿಗೆ ಬಂದದ್ದು ಅದೇ ಮೊದಲು.

“ಕೂಳೂರು ಸಂಕದಲ್ಲಿ ಬ್ಲಾಕ್ ಮಾಸ್ಟ್ರೇ, ಮುಕ್ಕಾಲು ಗಂಟೆ,” ಎಂದ. “ತಲೆಯ ಮೇಲೆ ಎಂತದೂ ಇಲ್ಲ ನೋಡಿ, ಹುರಿದುಹೋದೆ.”

ನೆರಳು ಮುಗಿದಿತ್ತು. ಅವನನ್ನು ಬಿಸಿಲಿನ ಸಾಲಿನಲ್ಲೇ ನಿಲ್ಲಿಸಿದೆ. ಜನ ಮುತ್ತಿದರು, ಫೋಟೋ ತೆಗೆದರು, ಹಿಂದಿನ ಸೀಟು ಯಾಕಿಲ್ಲ ಎಂದು ಕೇಳಿದರು. ಅವನು ನಗುತ್ತಾ ಏನೇನೋ ಹೇಳಿ ತಪ್ಪಿಸಿಕೊಂಡ. ಅಣ್ಣ ಕೋಲೂರಿಕೊಂಡು ನಿಧಾನವಾಗಿ ಬಂದರು. ಒಂದು ಸುತ್ತು ಹಾಕಿದರು. ನಂಬರ್ ಪ್ಲೇಟಿನ ಎದುರು ತುಂಬಾ ಹೊತ್ತು ನಿಂತರು. ಆಮೇಲೆ ಬಾಗಿಲ ಬಳಿ ಬಗ್ಗಿ ಡ್ಯಾಶ್‌ಬೋರ್ಡಿನ ಮೇಲೆ ಬೆರಳಾಡಿಸಿದರು. ಅಲ್ಲಿ ಮೂರು ಸಣ್ಣ ತೂತುಗಳಿದ್ದವು. ಹೊಸ ಬಣ್ಣ ಬಳಿದರೂ ಅವನ್ನು ಮುಚ್ಚಿರಲಿಲ್ಲ.

“ಇಲ್ಲಿ ಒಂದು ಫ್ಯಾನ್ ಇತ್ತು,” ಎಂದರು ಅಣ್ಣ. “ಇದು ನಮ್ಮ ಕಾರು.” ಮತ್ತೆ ಅವನ ಕಡೆ ತಿರುಗಿ, “ನೀವಾ ಇದನ್ನು ಕೊಯ್ದದ್ದು? ಹೇಗೆ ಮನಸ್ಸು ಬಂತು ನಿಮಗೆ? ಮೀನು ಕೊಯ್ದ ಹಾಗೆ ಕೊಯ್ದಿದ್ದೀರಲ್ಲ!”

“ಗುಜರಿಯಲ್ಲಿ ಬಿದ್ದಿತ್ತು ಸರ್. ನಿಮ್ಮ ಮನೆಯಿಂದಲೇ ಹೋದದ್ದು ಅಲ್ಲಿಗೆ.”

“ನಾನು ಕೊಟ್ಟದ್ದಲ್ಲ. ನನ್ನ ತಮ್ಮಂದಿರು ಕೊಟ್ಟದ್ದು, ನನ್ನ ಹತ್ತಿರ ಒಂದು ಮಾತು ಕೇಳದೆ. ನನ್ನ ಅಪ್ಪನ ಕಾರು ಮಾರಾಯ್ರೆ ಇದು!”

“ನನ್ನ ಅಪ್ಪನದ್ದೂ ಇದೇ ಕಾರು ಸರ್,” ಎಂದ ಅವನು. “ಇಪ್ಪತ್ತಾರು ವರ್ಷ ಓಡಿಸಿದ್ದು ಅವರೇ.”

ಅಣ್ಣ ಅವನ ಮುಖವನ್ನೇ ನೋಡಿದರು.

“ನೀನು ನಮ್ಮ ಡ್ರೈವರಣ್ಣನ ಮಗನಾ?”

ಅವರಿಬ್ಬರೂ ಮಾತಾಡುತ್ತಿದ್ದುದು ತುಳುವಿನಲ್ಲಿ. ಅಪರಿಚಿತನಿಗೆ ಅಷ್ಟು ಸಿಟ್ಟಿನಲ್ಲೂ ‘ಈರ್’ ಎಂದು ಬಹುವಚನ ಹೇಳುತ್ತಿದ್ದವರು, ಡ್ರೈವರನ ಮಗ ಎಂದು ತಿಳಿದ ಕೂಡಲೇ ‘ಈ’ ಎಂಬ ಏಕವಚನಕ್ಕೆ ಇಳಿದಿದ್ದರು. ಅದು ಅವರಿಗೆ ಗೊತ್ತಾದ ಹಾಗೆ ಕಾಣಲಿಲ್ಲ. ಅವನಿಗೆ ಗೊತ್ತಾಯಿತು.

“ಹೌದು ಸರ್. ಶಾಲೆಗೆ ಹೋಗುವಾಗ ವಾರ ವಾರ ನಾನೇ ಬಂದು ಇದನ್ನು ತೊಳೆದದ್ದು. ಹೊರಗಿನಿಂದ. ಒಳಗೆ ಒಂದು ಸಲವೂ ಕುಳಿತವನಲ್ಲ ನಾನು. ಹಿಂದಿನ ಸೀಟು ಯಾಕಿಲ್ಲ ಅಂತ ಇವರೆಲ್ಲ ಕೇಳ್ತಾರೆ. ಅದು ನನಗೆ ಬೇಡ ಅಂತ ಕಂಡಿತು. ತೆಗೆದೆ.”

ಬಿಸಿಲಿಗೆ ಅಣ್ಣನಿಗೆ ತಲೆ ಸುತ್ತಿತು. ಕೋಲು ಜಾರಿತು. ನಾನು ಅವರ ತೋಳು ಹಿಡಿದೆ. ಅವರ ಡ್ರೈವರ್ ಓಡಿಬಂದು ಇನ್ನೊಂದು ಕಡೆ ಹಿಡಿದರು. ನೆರಳಿನಲ್ಲಿ ಕುರ್ಚಿ ಹಾಕಿ ಕುಳ್ಳಿರಿಸಿ, ನೀರುಮಜ್ಜಿಗೆ ಕುಡಿಸಿ, ಒದ್ದೆ ಬೈರಾಸು ಹಣೆಗೆ ಇಟ್ಟೆವು. ಅಷ್ಟರಲ್ಲಿ ಒರಿಜಿನಲ್‌ನವರು ಆ ಹಸಿರು ಕಾರನ್ನು ಹೊರಗೆ ಕಳಿಸಬೇಕೆಂದರು. ಇನ್ನೊಂದು ಕಡೆಯವರು ಹಾಗಾದರೆ ನಾವೂ ಹೋಗ್ತೇವೆ ಎಂದರು. “ಒಮ್ಮೆ ಎಲ್ಲರೂ ಬಾಯಿ ಮುಚ್ಚಿ ಮಾರಾಯ್ರೆ,” ಎಂದು ಕಿರುಚಿದೆ. ಅಷ್ಟು ಜೋರಾಗಿ ನಾನು ತರಗತಿಯಲ್ಲಿಯೂ ಮಾತಾಡಿದವನಲ್ಲ. ನನಗೆ ಆಗ ಒಂದೇ ಆಸೆ ಇತ್ತು: ಎಲ್ಲಿಯಾದರೂ ತಣ್ಣಗಿನ ನೆಲದ ಮೇಲೆ ಮಲಗಬೇಕು.

ಅರ್ಧ ಗಂಟೆ ಕಳೆದು ಅಣ್ಣ ಕಣ್ಣು ತೆರೆದು, “ಅವನನ್ನು ಕರೆಯಿರಿ,” ಎಂದರು. ಅವನು ಬಂದು ನಿಂತ. ನಾನು ಇನ್ನೊಂದು ಕುರ್ಚಿ ಎಳೆದು ಹಾಕಿದೆ. ಸ್ವಲ್ಪ ತಡೆದು ಕುಳಿತ.

“ನನಗೆ ಡ್ರೈವಿಂಗ್ ಕಲಿಸಿದ್ದು ನಿನ್ನ ಅಪ್ಪ,” ಎಂದರು ಅಣ್ಣ. “ಹದಿನೆಂಟು ವರ್ಷ ನನಗೆ ಆಗ. ಕ್ಲಚ್ ಬಿಡುವಾಗ ಕಾರು ಹಾರಿದರೆ ತಲೆಗೆ ಒಂದು ಕುಟ್ಟುತ್ತಿದ್ದರು. ಮನೆಯವರು ಬಿಟ್ಟರೆ ನನ್ನ ಮೇಲೆ ಕೈ ಮಾಡಿದವರು ಅವರೊಬ್ಬರೇ.”

ಇದನ್ನು ಕೇಳಿ ಅವನಿಗೆ ಸಂತೋಷವಾಗಬಹುದು ಎಂದು ನಾನು ಎಣಿಸಿದ್ದೆ. ಆದರೆ ಅವನ ಮುಖ ಇಳಿದುಹೋಯಿತು.

“ನಿಮಗೆ ಕಲಿಸಿದರಾ?” ಎಂದ. “ನನಗೆ ಕಲಿಸಲಿಲ್ಲ ಸರ್. ಎಷ್ಟು ಕೇಳಿದರೂ ಕಲಿಸಲಿಲ್ಲ. ನಾನು ಸ್ಟೇರಿಂಗ್ ಹಿಡಿದದ್ದು ಗಲ್ಫಿಗೆ ಹೋದ ಮೇಲೆ, ಒಬ್ಬ ಪಠಾಣನ ಹತ್ತಿರ ಬೈಗಳು ತಿಂದು.”

“ಅವರು ನನ್ನ ಹತ್ತಿರ ಹೇಳ್ತಿದ್ದರು. ಮಗನಿಗೆ ಇದು ಬೇಡ, ಕಲಿತರೆ ಅವನೂ ಇನ್ನೊಬ್ಬರ ಗಾಡಿ ಓಡಿಸಬೇಕಾಗ್ತದೆ ಅಂತ.”

ಅವನು ನಕ್ಕ, ಸುಸ್ತಾದವರು ನಗುವ ಹಾಗೆ. “ಆದದ್ದು ಅದೇ ಅಲ್ವಾ? ಇಪ್ಪತ್ತೆರಡು ವರ್ಷ ಟ್ರೈಲರ್ ಓಡಿಸಿದೆ. ಅವರು ಹೋದ ದಿನವೂ ಮರುಭೂಮಿಯ ರೋಡಿನಲ್ಲೇ ಇದ್ದೆ. ಫೋನು ಸಿಕ್ಕಿದ್ದು ಮೂರನೆಯ ದಿವಸ.”

ಅಂಗಳದಲ್ಲಿ ಯಾರೋ ಎಂಜಿನ್ ರೇಸ್ ಮಾಡುತ್ತಿದ್ದರು. ಅದು ನಿಂತ ಮೇಲೆ ಅಣ್ಣ ಕೇಳಿದರು, “ಟಾಪು ಎಂತ ಮಾಡಿದೆ?”

“ಉಂಟು. ಮನೆಯಲ್ಲಿ ಬಾವಿಯ ಪಂಪಿನ ಮೇಲೆ ಹಾಕಿದ್ದೇನೆ, ಮಳೆ ತಾಗದ ಹಾಗೆ.”

“ನನಗೆ ಅದನ್ನು ನೋಡಬೇಕು.”

ಬಾಡಿಗೆ ಕುರ್ಚಿ ವಾಪಸು ಒಯ್ಯುವವರು ಬರುವ ಹೊತ್ತು, ನಾನು ಅಲ್ಲಿ ಇರಬೇಕಿತ್ತು. ಆದರೆ ಅಣ್ಣ ನನ್ನ ಕೈ ಹಿಡಿದು, “ಮಾಸ್ಟ್ರೇ, ನೀವೂ ಬನ್ನಿ,” ಎಂದರು. ಒಬ್ಬರೇ ಹೋಗಲು ಅವರಿಗೆ ಧೈರ್ಯ ಸಾಲದು ಎಂದು ಅರ್ಥವಾಯಿತು. ಕೆಲಸವನ್ನು ಇತರರಿಗೆ ಒಪ್ಪಿಸಿ ಹೊರಟೆ. ಹಸಿರು ಕಾರಿನ ಎಡಗಡೆಯ ಸೀಟಿಗೆ ಅವರನ್ನು ಇಳಿಸಲು ಮೂವರು ಬೇಕಾಯಿತು, ಅಷ್ಟು ತಗ್ಗು ಅದು. ಅದರ ಹಿಂದೆ ಡ್ರೈವರ್ ಒಬ್ಬರೇ ಇದ್ದ ಬಿಳಿಯ ಕಾರು. ಅದರ ಹಿಂದೆ ನಾನು, ಸ್ಕೂಟರಿನಲ್ಲಿ. ಕೂಳೂರು ಸೇತುವೆ ದಾಟಿ ಕಾವೂರಿನ ರಸ್ತೆಗೆ ತಿರುಗುವವರೆಗೂ ಮುಂದಿನ ಕಾರಿನಲ್ಲಿ ಒಬ್ಬರು ಇನ್ನೊಬ್ಬರ ಕಡೆ ತಿರುಗಿದ್ದು ನಾನು ಕಾಣಲಿಲ್ಲ. ಅಣ್ಣನ ಬಿಳಿ ಕೂದಲು ಗಾಳಿಗೆ ಹಾರುತ್ತಿತ್ತು.

ಮನೆ ಸಣ್ಣದು, ಚೊಕ್ಕವಾಗಿತ್ತು. ಹಿತ್ತಿಲಲ್ಲಿ ಬಾವಿಯ ಪಕ್ಕ ಕೆಂಪು ಕಲ್ಲಿನ ನಾಲ್ಕು ಗಿಡ್ಡ ಕಂಬ ಕಟ್ಟಿ, ಅವುಗಳ ಮೇಲೆ ಆ ಟಾಪನ್ನು ಕೂರಿಸಿದ್ದ. ಹಳೆಯ ಕಪ್ಪು ಬಣ್ಣ ಅಲ್ಲಲ್ಲಿ ಎದ್ದಿತ್ತು. ಅದರ ಅಡಿಯಲ್ಲಿ ಪಂಪು ಒಣಗಿ ಬೆಚ್ಚಗೆ ಕುಳಿತಿತ್ತು. ಅಣ್ಣ ಬಗ್ಗಿ, ಒಳಬದಿಯ ತಗಡಿಗೆ ಅಂಗೈ ಹಚ್ಚಿದರು.

“ಇದರ ಅಡಿಯಲ್ಲಿ ನಾನು ಎಷ್ಟು ನಿದ್ರೆ ಮಾಡಿದ್ದೇನೆ,” ಎಂದರು.

“ನನ್ನ ಅಪ್ಪನೂ ಮಾಡಿದ್ದಾರೆ ಸರ್. ನೀವೆಲ್ಲ ಮದುವೆ ಊಟಕ್ಕೆ ಒಳಗೆ ಹೋದಾಗ.”

ಅದನ್ನು ಅವನು ಚುಚ್ಚಲು ಹೇಳಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದ. ಅಣ್ಣ “ಹೌದು” ಎಂದರು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಮ್ಮೆ “ಹೌದು” ಎಂದರು. ಬೇಕಾದರೆ ಟಾಪನ್ನು ಕಳಿಸಿಕೊಡುತ್ತೇನೆ ಎಂದು ಅವನು ಹೇಳಿದಾಗ, “ಬೇಡ, ಇಲ್ಲಿ ಅದಕ್ಕೆ ಕೆಲಸ ಉಂಟು,” ಎಂದುಬಿಟ್ಟರು.

ಜಗಲಿಯಲ್ಲಿ ಕುಳಿತೆವು. ಅವನ ಹೆಂಡತಿ ಬೆಲ್ಲ, ನೀರು ತಂದಿಟ್ಟಳು. ಅವನು ಲೋಟ ಮುಟ್ಟದೆ ಎದ್ದು ಗೇಟಿನವರೆಗೆ ಹೋದ. ಅಣ್ಣನ ಡ್ರೈವರ್ ರಸ್ತೆಯಲ್ಲಿ, ಬಿಳಿಯ ಕಾರಿನ ಬಾಗಿಲು ತೆರೆದಿಟ್ಟು, ತಲೆಗೆ ಟವೆಲ್ ಹಾಕಿ ಕುಳಿತಿದ್ದರು. “ಬನ್ನಿ ಅಣ್ಣ, ಒಳಗೆ ಬನ್ನಿ,” ಎಂದು ಅವರನ್ನು ಕರೆದ. ಅವರು ಅನುಮಾನಿಸುತ್ತಾ ಗೇಟಿನೊಳಗೆ ಬಂದು, ಮೆಟ್ಟಿಲ ಕೆಳಗೆ ನಿಂತು, ತಮ್ಮ ಧಣಿಯ ಮುಖ ನೋಡಿದರು. ಅಣ್ಣ ಕೋಲನ್ನು ಬದಿಗಿಟ್ಟು, ಜಗಲಿಯಲ್ಲಿ ಒಂದಿಷ್ಟು ಆಚೆ ಸರಿದು ಕುಳಿತರು. “ಕುಳಿತುಕೊಳ್ಳಿ,” ಎಂದರು. ಡ್ರೈವರ್ ಜಗಲಿಯ ತುದಿಯಲ್ಲಿ, ಅರ್ಧ ಕುಳಿತ ಹಾಗೆ ಕುಳಿತು ನೀರು ಕುಡಿದರು.

ನಾನು ಬೈಕಂಪಾಡಿಗೆ ಮರಳುವಾಗ ಕಾರುಗಳೆಲ್ಲ ಹೋಗಿದ್ದವು. ಕಾಗದದ ಲೋಟಗಳನ್ನು ಹೆಕ್ಕಿ, ಎಣ್ಣೆ ಬಿದ್ದಲ್ಲಿ ಮರದ ಹುಡಿ ಹಾಕಿ ಗುಡಿಸಿ ಮನೆಗೆ ಬರುವಾಗ ಮೂರು ಗಂಟೆ. ಊಟ ಬೇಡವೆಂದು ಹೇಳಿ ಫ್ಯಾನಿನ ಕೆಳಗೆ ಬರಿ ನೆಲದಲ್ಲಿ ಮಲಗಿದೆ. ಕಣ್ಣು ಹತ್ತುವಷ್ಟರಲ್ಲಿ ಹಸಿರು ಕಾರಿನವನ ಫೋನು ಬಂತು.

“ಮಾಸ್ಟ್ರೇ, ಅಪ್ಪ ನನಗೆ ಕಲಿಸದೆ ಅವರಿಗೆ ಕಲಿಸಿದ್ದು… ಅದಕ್ಕೆ ನಾನು ಖುಷಿ ಪಡಬೇಕಾ, ಬೇಜಾರು ಮಾಡಬೇಕಾ?”

ನಾನು ಎದ್ದು ಗೋಡೆಗೆ ಒರಗಿ ಕುಳಿತೆ.

“ಆ ಕಾರು ಕೊಯ್ಯುವಾಗ ಅವರ ಮನೆಯವರ ಮೇಲೆ ಸಿಟ್ಟು ತೀರಿಸ್ತಿದ್ದೇನೆ ಅಂತ ಎಣಿಸಿದ್ದೆ. ಈಗ ಡೌಟು ಬರ್ತದೆ, ಸಿಟ್ಟು ಇದ್ದದ್ದು ಅಪ್ಪನ ಮೇಲೆಯಾ ಅಂತ.” ಮತ್ತೆ, “ಸರಿ, ನೀವು ಮಲಗಿ,” ಎಂದ.

ಆಮೇಲೆ ಮಳೆಗಾಲ ಹಿಡಿಯುವ ಮೊದಲು ಅವನು ಎರಡು ಸಲ ಅಣ್ಣನನ್ನು ಆ ಕಾರಿನಲ್ಲಿ ಕೂರಿಸಿಕೊಂಡು ಸುತ್ತಾಡಿಸಿದನೆಂದು ಕೇಳಿದೆ.