ಕೀಲಿಯ ಮೇಲೆ ಇಟ್ಟ ಕೈ

ಮೊನ್ನೆ ನಮ್ಮ ಓಣಿಯ ಸುನಂದಾ ಮೊಬೈಲು ಹಿಡಿದುಕೊಂಡು ಬಂದಳು. ಅವಳ ಕಾಲೇಜಿನ ಜಾಲತಾಣದಲ್ಲಿ ಒಂದು ಅಂಕಿ ಬದಲಿಸಿದರೆ ಯಾರ ಅಂಕಪಟ್ಟಿ ಬೇಕಾದರೂ ತೆರೆದುಕೊಳ್ಳುತ್ತದಂತೆ. ತನ್ನದನ್ನು ನೋಡುವಾಗ ಕೈತಪ್ಪಿ ಬೇರೆ ಅಂಕಿ ಒತ್ತಿ ಗೊತ್ತಾಯಿತಂತೆ. "ಪ್ರಿನ್ಸಿಪಾಲರಿಗೆ ಹೇಳೀನ್ರಿ ಕಾಕಾ. ‘ಎಲ್ಲಿ, ನನ್ನ ಮುಂದ ತಗದು ತೋರ್ಸು’ ಅಂದಾರ" ಎಂದಳು, ಖುಷಿಯಿಂದ. ನನಗೆ ಮೈಯೆಲ್ಲ ಉರಿಯಿತು. ಅವಳ ಮೇಲಲ್ಲ, ಆ ‘ತೋರ್ಸು’ ಅಂದವರ ಮೇಲೆ.

ಎಪ್ಪತ್ತರ ದಶಕದ ಕೊನೆಗೆ ನಾನು ಗಂಗಾವತಿಯಲ್ಲಿ, ರೈತರಿಗೆ ಬೀಜ ಗೊಬ್ಬರ ಕೊಡುವ ಒಂದು ಸಂಘದ ಗುಮಾಸ್ತನಾಗಿದ್ದೆ. ಜೇಬಿಗೆ ಪೆನ್ನು ಇತ್ತು, ತಲೆಗೆ ಎಣ್ಣೆ ಇತ್ತು, ಬೆನ್ನಿಗೆ ಎಲುಬು ಮಾತ್ರ ಇರಲಿಲ್ಲ. ಸಂಘದ ಗೋದಾಮಿನ ಎದುರಿಗೇ ಕಮ್ಮಾರ ಮೌನೇಶಪ್ಪನವರ ಅಂಗಡಿ. ಕೀಲಿ, ಅಂದರೆ ಬೀಗದ ರಿಪೇರಿಯಲ್ಲಿ ಅವರದು ಎತ್ತಿದ ಕೈ. ಕೀಲಿಕೈ ಕಳೆದುಕೊಂಡವರು ಕರೆದರೆ ಹೋಗುವರು. ಆದರೆ ಮಾಲೀಕ ಖುದ್ದು ಬಂದು ಕೀಲಿಯ ಮೇಲೆ ಕೈ ಇಟ್ಟು "ತಗೀರಿ" ಅನ್ನುವ ತನಕ ಮುಟ್ಟುತ್ತಿರಲಿಲ್ಲ. "ಯಾರ ಕೀಲಿನೋ ಅವರ ಕೈ ಮೊದ್ಲು, ಆಮ್ಯಾಲ ನಂದು" ಅನ್ನುವರು. ನಮ್ಮವ್ವ ಟ್ರಂಕಿನ ಕೀಲಿಕೈ ಕಳೆದಾಗ, "ಟ್ರಂಕು ನಿಮ್ದ ಹೌದಿಲ್ರಿ ಅವ್ವಾರ?" ಎಂದು ಮೂರು ಸಲ ಕೇಳಿದ್ದರು. ತವರಿನವರು ಕೊಟ್ಟದ್ದೆಂದು ಅವ್ವ ರೇಗಿದ ಮೇಲೆಯೇ ಕೆಲಸ ಶುರುವಾಗಿದ್ದು.

ಗೋದಾಮಿಗೆ ಹೊಸ ಕೀಲಿ ಬಂತು. ಮೌನೇಶಪ್ಪ ಅದನ್ನು ನೋಡಿದವರೇ ಮ್ಯಾನೇಜರ ಹತ್ತಿರ ಬಂದರು.

"ಸಾಹೇಬ್ರ, ಇದು ಛಲೋ ಕೀಲಿ ಅಲ್ರಿ. ಛತ್ರಿ ಕಡ್ಡಿಗೆ ತೆರೀತೈತಿ. ಒಳಗ ರೈತರ ಬೀಜ ಐತಿ."

ಮ್ಯಾನೇಜರು ನಕ್ಕರು. ಗೋದಾಮಿನ ಬಾಗಿಲಿಗೆ ಬಂದು, ಕೀಲಿಯ ಮೇಲೆ ಕೈ ಇಟ್ಟು, "ತಗೀರಿ, ನೋಡೂಣು" ಎಂದರು. ಪಕ್ಕದಲ್ಲಿ ಇದ್ದವನು ನಾನೊಬ್ಬನೇ. ನವಲಿ, ಶ್ರೀರಾಮನಗರದ ರೈತರು ಅಂಗಳದಲ್ಲಿ ಕೂತಿದ್ದರು. ಕೀಲಿ ಟಕ್ಕೆಂದು ಬಿಚ್ಚಿಕೊಂಡಾಗ ಅವರೆಲ್ಲ ತಿರುಗಿ ನೋಡಿ, ಛತ್ರಿ ಕಡ್ಡಿ ಕಂಡು, ಹೋ ಎಂದು ನಕ್ಕರು. ಆ ನಗುವೇ ಮೌನೇಶಪ್ಪನವರಿಗೆ ಮುಳುವಾಯಿತು. ಮುಖಭಂಗವಾದ ಮ್ಯಾನೇಜರು ಸಂಜೆಯೊಳಗೆ, ಕಮ್ಮಾರ ಗೋದಾಮಿನ ಕೀಲಿ ತೆಗೆದನೆಂದು ದೂರು ಬರೆದುಕೊಟ್ಟರು.

"ಮ್ಯಾನೇಜರ್ ಸಾಹೇಬ್ರು ಕೈ ಇಟ್ಟಿದ್ರಿ" ಎಂದರು ಮೌನೇಶಪ್ಪ, ಠಾಣೆಯಲ್ಲಿ. ಮ್ಯಾನೇಜರ ಜೊತೆ ನಾನೂ ಹೋಗಿದ್ದೆ.

"ಕೈ ಇಟ್ಟಿದ್ದಕ್ಕ ಕಾಗದ ಐತೇನು?" ಎಂದ ಫೌಜದಾರ.

"ಈ ತಮ್ಮ ನೋಡ್ಯಾನ್ರಿ."

ಎಲ್ಲರೂ ನನ್ನ ಕಡೆ ತಿರುಗಿದರು. ಮ್ಯಾನೇಜರೂ.

"ನಾ ನೋಡಿಲ್ರಿ. ಚೀಲ ಎಣಸಾಕತ್ತಿದ್ದೆ" ಎಂದೆ.

ಕೇಸು ವರ್ಷಗಟ್ಟಲೆ ಎಳೆದು ಬಿದ್ದುಹೋಯಿತು. ಆದರೆ ಠಾಣೆ ಹತ್ತಿದವನ ಕೈಗೆ ಕೀಲಿ ಕೊಡುವವರು ಯಾರು? ಮೌನೇಶಪ್ಪ ಅಂಗಡಿ ಮುಚ್ಚಿ, ಯಲಬುರ್ಗಾ ಕಡೆಯ ಹೆಂಡತಿಯ ಊರಿಗೆ ಹೋಗಿ ಕುಡುಗೋಲು ಬಡಿಯುತ್ತ ಉಳಿದರು. ಮತ್ತೆ ಯಾರ ಕೀಲಿಯನ್ನೂ ಮುಟ್ಟಲಿಲ್ಲವಂತೆ. ಗೋದಾಮಿನ ಕೀಲಿಯನ್ನಾದರೂ ಬದಲಿಸಿದರೇ? ಇಲ್ಲ! ಅದೇ ಕೀಲಿ. ದಿನಾ ಸಂಜೆ ಅದನ್ನು ಹಾಕಿ, ಎರಡು ಸಲ ಜಗ್ಗಿ ನೋಡಿ ಮನೆಗೆ ಹೋಗುತ್ತಿದ್ದ ಶೂರ ನಾನೇ. ಆ ಮ್ಯಾನೇಜರ ಮೇಲೆ, ಆ ಫೌಜದಾರನ ಮೇಲೆ ಇವತ್ತಿಗೂ ಸಿಟ್ಟಿದೆ. ನನ್ನ ಮೇಲಿರುವಷ್ಟು ಇಲ್ಲ.

ಈಗ ಬೇರೆಯವರ ಕಂಪ್ಯೂಟರನ್ನು ಅನುಮತಿ ಇಲ್ಲದೆ ಹೊಕ್ಕರೆ ಅಪರಾಧವೆಂದು ಕಾನೂನೇ ಇದೆ. ಒಳ್ಳೆಯದಕ್ಕೆ ಹೊಕ್ಕೆ ಅಂದರೆ ಫೌಜದಾರ ಮತ್ತೆ ಕಾಗದವನ್ನೇ ಕೇಳುತ್ತಾನೆ. ಸುನಂದಾಳಿಗೆ ಏನನ್ನೂ ಮುಟ್ಟಬೇಡವೆಂದು ಹೇಳಿ, ಪ್ರಿನ್ಸಿಪಾಲರ ಸಹಿಗೆಂದು ಅನುಮತಿಪತ್ರ ಬರೆದು, ನಾನೇ ಅವಳ ಜೊತೆ ಕಾಲೇಜಿಗೆ ಹೋದೆ.

ಪ್ರಿನ್ಸಿಪಾಲರು ಓದಿ ಮುಖ ಗಂಟು ಹಾಕಿದರು. "ನಾನೇ ಹೇಳೀನಲ್ರಿ, ಇದ್ಯಾಕ? ಅಷ್ಟೂ ನಂಬಿಕಿ ಇಲ್ಲೇನು?"

"ಇಲ್ರಿ. ಸಹಿ ಮಾಡ್ರಿ" ಎಂದೆ. ದನಿ ಸ್ವಲ್ಪ ಜೋರೇ ಆಯಿತು.

ಅವರು ಗೊಣಗುತ್ತ ಸಹಿ ಹಾಕಿದರು. ಕೆಳಗೆ ‘ಸಾಕ್ಷಿ’ ಎಂದು ನಾನೇ ಬರೆದಿದ್ದ ಜಾಗ ಖಾಲಿ ಇತ್ತು. ಪೆನ್ನು ತೆಗೆದೆ. ಮೌನೇಶಪ್ಪನವರಿಗೆ ಕೊಡಬೇಕಿದ್ದ ಸಹಿಯನ್ನು ಈ ಹುಡುಗಿಯ ಕಾಗದದ ಮೇಲೆ ಹಾಕಿದೆ.