ನೀರಾನೆಯ ಪಕ್ಕದ ಕೋಣೆ

ನೀರು ಸರಬರಾಜು ಕಚೇರಿಯ ದೂರು ವಿಭಾಗದ ಗುಮಾಸ್ತರಿಗೆ ‘ಪರಿಶೀಲನೆ ಸಾಹೇಬರು’ ಎಂಬ ಹೆಸರು ತಾನಾಗಿ ಬಂದದ್ದಲ್ಲ, ಇಪ್ಪತ್ತಾರು ವರ್ಷ ದುಡಿದು ಗಳಿಸಿದ್ದು. ನಲ್ಲಿಯಲ್ಲಿ ನೀರಿಲ್ಲ ಎಂದು ಬಂದವರಿಗೆ ‘ಪರಿಶೀಲಿಸ್ತೀವಿ’. ಬಂದ ನೀರು ಕೆಂಪಗಿದೆ ಎಂದವರಿಗೂ ‘ಪರಿಶೀಲಿಸ್ತೀವಿ’. ಹೋದ ವರ್ಷ ಕೊಟ್ಟ ದೂರು ಏನಾಯಿತು ಎಂದು ಕೇಳಿದವರಿಗೆ ಮಾತ್ರ ಸ್ವಲ್ಪ ಬದಲಾವಣೆ: ‘ಪರಿಶೀಲನೆಯಲ್ಲಿದೆ’. ಈ ಮಾತನ್ನು ಅವರು ಎಷ್ಟು ಮೃದುವಾಗಿ, ಎಷ್ಟು ಕಾಳಜಿಯಿಂದ ಹೇಳುತ್ತಿದ್ದರೆಂದರೆ, ಬೈಯುತ್ತ ಬಂದವರು ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದರು. ಮೂಗಿಗೆ ತುಪ್ಪ ಸವರುವವರು ಎಲ್ಲ ಕಚೇರಿಯಲ್ಲೂ ಇರುತ್ತಾರೆ; ಸವರಿಸಿಕೊಂಡವರಿಗೆ ಹೊಟ್ಟೆಯೂ ತುಂಬಿದಂತೆ ಮಾಡುತ್ತಿದ್ದವರು ಇವರೊಬ್ಬರೇ.

ಮನೆಯಲ್ಲೂ ಅದೇ ಪದ್ಧತಿ. ಹೆಂಡತಿ ಪ್ರಾಥಮಿಕ ಶಾಲೆಯ ಟೀಚರು. ಮದುವೆಯಾದ ವರ್ಷದಿಂದಲೂ ಆಕೆ ರಜೆಯಲ್ಲಿ ಎಲ್ಲಿಗಾದರೂ ಹೋಗೋಣ ಎಂದು ಕೇಳುತ್ತ ಬಂದಿದ್ದರು. ಸಾಹೇಬರು ಒಮ್ಮೆಯೂ ಇಲ್ಲ ಎಂದವರಲ್ಲ. ‘ನೋಡೋಣ’ ಎನ್ನುತ್ತಿದ್ದರು. ಹದಿನಾಲ್ಕು ವರ್ಷ ನೋಡಿದರು. ಹದಿನೈದನೆಯ ವರ್ಷ ಟೀಚರು ಅರ್ಜಿ ಹಾಕುವುದನ್ನೇ ಬಿಟ್ಟರು. ಊರಿನ ಆಚೆ ತುದಿಯ ಮೃಗಾಲಯದಲ್ಲಿ ಕುಟುಂಬ ಸಮೇತ ಒಂದು ರಾತ್ರಿ ತಂಗುವ ವ್ಯವಸ್ಥೆ ಇದೆ ಎಂದು ತಿಳಿದದ್ದೇ ತಡ, ತಾವೇ ಹೋಗಿ ಕೋಣೆ ಕಾಯ್ದಿರಿಸಿ ಬಂದರು.

“ಶನಿವಾರ ಮಧ್ಯಾಹ್ನ ಹೊರಡೋದು. ಇದು ವಿಷಯ ತಿಳಿಸಿದ್ದು, ಕೇಳಿದ್ದಲ್ಲ,” ಎಂದರು.

“ಇದೇ ಊರಲ್ಲಿ ಪ್ರವಾಸ ಏನೇ? ಬಸ್ಸಲ್ಲಿ ಒಂದು ಗಂಟೆ ದಾರಿ.”

“ನಿಮ್ಮನ್ನ ಕಟ್ಕೊಂಡು ಅದಕ್ಕಿಂತ ದೂರ ಹೋಗೋ ಆಸೆ ನಂಗೂ ಇಲ್ಲ ರೀ.”

ಒಂಬತ್ತು ವರ್ಷದ ಮಗಳು ಪುಟ್ಟಿ ಕುಣಿದಾಡಿದಳು. ಸಾಹೇಬರ ತಾಯಿಗೆ ಕಿವಿ ಮಂದ. ‘ಮೃಗಾಲಯ’ ಎಂದದ್ದು ಅವರಿಗೆ ಹೇಗೆ ಕೇಳಿಸಿತೋ, ಕಂಬಳಿ, ಗುಳಿಗೆ, ಎರಡು ಸ್ವೆಟರು ಕಟ್ಟಿಕೊಂಡು ಎಲ್ಲರಿಗಿಂತ ಮೊದಲು ಬಾಗಿಲಲ್ಲಿ ನಿಂತರು.

ಮೃಗಾಲಯದ ಫಲಕದಲ್ಲಿ ‘ವನ್ಯಜೀವಿಗಳ ಸನಿಹದಲ್ಲಿ ಮರೆಯಲಾಗದ ರಾತ್ರಿ’ ಎಂದು ಬರೆದಿತ್ತು. ಸನಿಹ ಎಂಬುದರಲ್ಲಿ ಸುಳ್ಳಿರಲಿಲ್ಲ. ಹುಲಿಯ ಪಕ್ಕದ ಕೋಣೆಗಳು, ಜಿರಾಫೆಯ ಪಕ್ಕದ ಕೋಣೆಗಳು ಮೊದಲೇ ಹೋಗಿ, ಇವರ ಪಾಲಿಗೆ ಉಳಿದದ್ದು ನೀರಾನೆಯ ಪಕ್ಕದ್ದು. ಕಿಟಕಿ ತೆರೆದರೆ ಹಸಿರು ಕೊಳ. ಕೊಳದ ನಡುವೆ ಎರಡು ಮೂಗಿನ ಹೊಳ್ಳೆ, ಎರಡು ಕಿವಿ. ಅಷ್ಟೇ. ಉಳಿದ ನೀರಾನೆ ನೀರೊಳಗಿತ್ತು. ವಾಸನೆ ಮಾತ್ರ ಪೂರ್ತಿಯಾಗಿ ಮೇಲಿತ್ತು.

“ಇಷ್ಟು ನೋಡೋಕೆ ಇಲ್ಲೀತನಕ ಬರಬೇಕಿತ್ತಾ?” ಎಂದರು ಸಾಹೇಬರು.

“ಹೋಗ್ಲಿ ಬಿಡೋ,” ಎಂದರು ತಾಯಿ, “ನಿಮ್ಮಪ್ಪನೂ ರಜೆ ದಿನ ಹೀಗೇ ಬಿದ್ದಿರ್ತಿದ್ರು.”

ಸಂಜೆ ಐದರ ಹೊತ್ತಿಗೆ ನೀರಾನೆ ಮೇಯಲು ದಡಕ್ಕೆ ಬರುತ್ತದೆಂದು ಮೇಲ್ವಿಚಾರಕ ಹೇಳಿ ಹೋದ. ಅವನು ನೀರಾನೆಯನ್ನು ನೋಡಿಕೊಳ್ಳುವವನು. ರಬ್ಬರ್ ಬೂಟು, ಕೈಯಲ್ಲಿ ಹುಲ್ಲಿನ ಬುಟ್ಟಿ. “ಬೇಲಿ ಹತ್ರ ಮಾತ್ರ ನಿಲ್ಲಬೇಡಿ ಸಾರ್, ಅದು ದಡಕ್ಕೆ ಬಂದಾಗ ಒಂದು ಅಭ್ಯಾಸ ಇದೆ,” ಎಂದ. ಎಚ್ಚರಿಕೆ ಎನ್ನುವುದು ಸಾರ್ವಜನಿಕರಿಗೆ ಇರುವಂಥದ್ದು, ಸಾಹೇಬರು ಸಾರ್ವಜನಿಕರಲ್ಲ. ಪ್ರವಾಸಕ್ಕೆಂದೇ ಹೊಲಿಸಿದ ಬಿಳಿ ಅಂಗಿ ತೊಟ್ಟು, ಬೇಲಿಗೆ ಒರಗಿ, ಫೋಟೊ ತೆಗೆಯಲು ಹೆಂಡತಿಗೆ ಹೇಳಿ ನಗುತ್ತ ನಿಂತರು.

ನೀರಾನೆ ನಿಧಾನವಾಗಿ ದಡ ಹತ್ತಿತು. ನಾಲ್ಕು ಹೆಜ್ಜೆ ಇಟ್ಟಿತು. ಸಾಹೇಬರಿಗೆ ಬೆನ್ನು ತೋರಿಸಿ ನಿಂತಿತು. ಆಮೇಲೆ ಅದರ ಮೋಟು ಬಾಲ ಫ್ಯಾನಿನ ರೆಕ್ಕೆಯಂತೆ ಪಟಪಟನೆ ಬಡಿಯತೊಡಗಿತು. ಸಗಣಿ ಹಾಕುವಾಗ ಅದನ್ನು ಬಾಲದಿಂದ ಸುತ್ತ ಎರಚುವುದು ಈ ಪ್ರಾಣಿಯ ಹುಟ್ಟುಗುಣವೆಂದು ಪುಟ್ಟಿ ಪುಸ್ತಕದಲ್ಲಿ ಓದಿದ್ದಳು. ಹೇಳಬೇಕೆನ್ನುವಷ್ಟರಲ್ಲಿ ಅಪ್ಪನ ಅಂಗಿ ಬಿಳಿಯದಾಗಿ ಉಳಿದಿರಲಿಲ್ಲ. ಕನ್ನಡಕದ ಒಂದು ಗಾಜು ಉಳಿದಿತ್ತು. ಟೀಚರ ಕೈ ಒಂದಿಷ್ಟೂ ನಡುಗಲಿಲ್ಲ. ಫೋಟೊ ಸ್ಪಷ್ಟವಾಗಿ ಬಂತು.

ಸಾಹೇಬರು ಕೋಣೆಗೆ ಓಡಿ ನಲ್ಲಿ ತಿರುಗಿಸಿದರು. ನಲ್ಲಿ ಕೆಮ್ಮಿತು, ಒಂದು ಹನಿ ಉಗುಳಿತು, ಸುಮ್ಮನಾಯಿತು. ಇನ್ನೊಂದು ನಲ್ಲಿ ಅಷ್ಟನ್ನೂ ಮಾಡಲಿಲ್ಲ. ಹಾಗೇ ಹೊರಟು ಸ್ವಾಗತ ಕೊಠಡಿಗೆ ಹೋದರು. ಮೇಜಿನ ಹಿಂದೆ ಕೂತಿದ್ದ ಹುಡುಗಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ಕೋಣೇಲಿ ನೀರಿಲ್ಲ!”

“ನಿಮ್ಮ ತೊಂದರೆ ಅರ್ಥ ಆಗುತ್ತೆ ಸಾರ್. ಬರ್ಕೊಂಡಿದ್ದೀನಿ.”

“ಬರ್ಕೊಂಡ್ರೆ ಸ್ನಾನ ಹೇಗಮ್ಮ ಮಾಡೋದು?”

“ಸಂಬಂಧಪಟ್ಟವರಿಗೆ ತಿಳಿಸ್ತೀವಿ ಸಾರ್. ಪರಿಶೀಲಿಸ್ತಾರೆ.”

ಎಂಥ ಮೃದುವಾದ ದನಿ, ಎಂಥ ಕಾಳಜಿ! ಸಾಹೇಬರು ಅರೆಕ್ಷಣ ತಮ್ಮ ಸ್ಥಿತಿಯನ್ನೇ ಮರೆತು, ಸಂಗೀತಗಾರನೊಬ್ಬ ಇನ್ನೊಬ್ಬನ ಹಾಡು ಕೇಳುವಂತೆ ಕೇಳಿದರು. ಬಾಯಿತುದಿಗೆ ‘ಥ್ಯಾಂಕ್ಸ್’ ಬಂದೇಬಿಟ್ಟಿತ್ತು. ಆಗ ಕಿವಿಯ ಹಿಂದಿನಿಂದ ಏನೋ ಜಾರಿ ಕತ್ತಿನೊಳಕ್ಕೆ ಇಳಿಯಿತು.

ಕೊನೆಗೆ ಅವರ ಕೈಹಿಡಿದವನು ಮೇಲ್ವಿಚಾರಕನೇ. ಕೊಳದ ಪಕ್ಕದಲ್ಲಿ ನೀರಾನೆಗೆಂದೇ ಒಂದು ದಪ್ಪ ಪೈಪಿತ್ತು. “ಬನ್ನಿ ಸಾರ್, ಇಲ್ಲಿ ನೀರಿಗೆ ಬರ ಇಲ್ಲ,” ಎಂದು ಕಲ್ಲಿನ ಮೇಲೆ ಕೂರಿಸಿ, ಸೋಪು ಕೊಟ್ಟು, ಪೈಪು ಹಿಡಿದ. ಹೆಂಡತಿ, ತಾಯಿ, ಮಗಳು ಸುತ್ತ ನಿಂತರು. ದೂರದಿಂದ ನೀರಾನೆಯೂ ಹುಲ್ಲು ಅಗಿಯುತ್ತ ನೋಡುತ್ತಿತ್ತು.

“ಈ ಮಹಾತಾಯಿಗೆ ದಿನಾ ಕೊಳ ತುಂಬ ನೀರು ಬಿಡ್ತೀನಿ,” ಎಂದ ಮೇಲ್ವಿಚಾರಕ. “ನಮ್ಮ ಬೀದೀಲಿ ನಾಲ್ಕು ವರ್ಷದಿಂದ ತೊಟ್ಟು ನೀರಿಲ್ಲ. ನಾನು ಸ್ನಾನ ಮಾಡೋದೂ ಇಲ್ಲೇ. ಹೆಂಡ್ತಿ ಮೂರು ಬೀದಿ ಆಚೆಯಿಂದ ಹೊತ್ತು ತರ್ತಾಳೆ.”

ಸಾಹೇಬರ ತಲೆತುಂಬ ನೊರೆ, ಕಣ್ಣು ಮುಚ್ಚಿತ್ತು. ಇಪ್ಪತ್ತಾರು ವರ್ಷದ ನಾಲಿಗೆ ಮಾತ್ರ ಎಚ್ಚರವಾಗಿಯೇ ಇತ್ತು. “ದೂರು ಕೊಟ್ಟಿದೀರಾ? ಕೊಟ್ಟಿದ್ರೆ ಪರಿಶೀಲನೆಯಲ್ಲಿರುತ್ತೆ,” ಎಂದಿತು.

ಪೈಪಿನ ನೀರು ಒಂದು ಗಳಿಗೆ ಪಕ್ಕಕ್ಕೆ ಸರಿಯಿತು.

“ಸಾರ್… ನೀವು ನೀರಾಫೀಸಿನವರಲ್ವಾ? ಆಗಲೇ ಅಂದ್ಕೊಂಡೆ, ಈ ದನಿ ಎಲ್ಲೋ ಕೇಳಿದೀನಿ ಅಂತ. ಫೋನಲ್ಲಿ ಹದಿನೇಳು ಸಲ ಕೇಳಿದೀನಿ.”

ಸಾಹೇಬರಿಗೆ ಕಣ್ಣು ಬಿಡುವಂತಿಲ್ಲ, ಎದ್ದು ಹೋಗುವಂತಿಲ್ಲ. ಪೈಪಿನ ನೀರು ನಿಲ್ಲಿಸುವ ಗುಂಡಿ ಆ ಮನುಷ್ಯನ ಹೆಬ್ಬೆರಳಿನ ಕೆಳಗಿತ್ತು. ಅವನು ನಿಲ್ಲಿಸಿಬಿಡಬಹುದಿತ್ತು. ಸಾಹೇಬರೇ ಆ ಜಾಗದಲ್ಲಿದ್ದರೆ ನಿಲ್ಲಿಸಿದೆ ಎನ್ನುತ್ತಿರಲಿಲ್ಲ, ನೀರು ಇನ್ನೇನು ಬರುತ್ತದೆ ಎನ್ನುತ್ತಿದ್ದರು. ಮೇಲ್ವಿಚಾರಕ ಎರಡನ್ನೂ ಮಾಡಲಿಲ್ಲ.

“ತಲೆ ಬಗ್ಗಿಸಿ ಸಾರ್, ಕಣ್ಣಿಗೆ ಸೋಪು ಹೋದ್ರೆ ಉರಿಯುತ್ತೆ,” ಎಂದು, ಮಗುವಿಗೆ ಎರೆಯುವಂತೆ ನಿಧಾನವಾಗಿ ನೀರು ಬಿಟ್ಟ. ಕಿವಿಯ ಹಿಂದೆ ಕೂಡ.

“ಅಪ್ಪಾ, ಹದಿನೇಳು ಸಲ ಕೇಳಿದ್ರೂ ಯಾಕೆ ನೀರು ಕೊಡ್ಲಿಲ್ಲ?” ಎಂದಳು ಪುಟ್ಟಿ.

ಮಂದ ಕಿವಿಯ ಅಜ್ಜಿಗೂ ಇದು ಕೇಳಿಸಿತು. ಟೀಚರು ಟವೆಲನ್ನು ಮಡಿಸಿ ಬಿಚ್ಚಿ, ಮತ್ತೆ ಮಡಿಸಿದರು.

ಆ ರಾತ್ರಿ ಹುಲಿ ಘರ್ಜಿಸಿತಂತೆ, ತೋಳಗಳು ಕೂಗಿದವಂತೆ; ಎಚ್ಚರವಾಗಿಯೇ ಇದ್ದ ಸಾಹೇಬರಿಗೆ ಒಂದೂ ಕೇಳಿಸಲಿಲ್ಲ. ಮೇಲ್ವಿಚಾರಕ ಬೈದಿದ್ದರೆ ಬೈಗುಳಕ್ಕೆ ಉತ್ತರ ಹುಡುಕುತ್ತ ನಿದ್ದೆ ಮಾಡಬಹುದಿತ್ತು. ಸಾಹೇಬರಿಗೆ ಆ ಭಾಗ್ಯವೂ ಸಿಗಲಿಲ್ಲ. ಬೆಳಿಗ್ಗೆ ಹೊರಡುವಾಗ ಮೇಲ್ವಿಚಾರಕನಿಂದ ಬೀದಿಯ ಹೆಸರು ಬರೆಸಿಕೊಂಡರು. ಅವನು ಬರೆದುಕೊಟ್ಟ, ಆದರೆ ಸಂತೋಷಪಟ್ಟಂತೆ ಕಾಣಲಿಲ್ಲ. ಬರೆದುಕೊಟ್ಟು ಅವನಿಗೆ ಅಭ್ಯಾಸವಿತ್ತು.

ಸೋಮವಾರ ಫೈಲು ಸಿಕ್ಕಿತು. ಹದಿನೇಳು ಫೋನಿನ ಟಿಪ್ಪಣಿ, ಆರು ಪತ್ರ, ಎಲ್ಲದರ ಅಂಚಿನಲ್ಲೂ ತಮ್ಮದೇ ದುಂಡು ಅಕ್ಷರ. ಸಾಹೇಬರು ಬೀದಿಗಳ ವಾಲ್ವ್ ತಿರುಗಿಸಿ ನೀರು ಬಿಡುವವನನ್ನು ಕರೆದುಕೊಂಡು ಆ ಬೀದಿಗೆ ಹೋದರು. ಕೆಲಸದ ಹೊತ್ತಿನಲ್ಲಿ ಕಚೇರಿಯಿಂದ ಹೊರಬಿದ್ದದ್ದು ಅದೇ ಮೊದಲು. ನಾಲ್ಕು ವರ್ಷದ ಹಿಂದೆ ರಸ್ತೆ ಅಗೆದಾಗ ಯಾರೋ ವಾಲ್ವ್ ಮುಚ್ಚಿದ್ದರು; ತೆರೆಯುವುದನ್ನು ಮರೆತಿದ್ದರು. ತುಕ್ಕು ಬಿಡಿಸಿ ತಿರುಗಿಸಲು ಬೇಕಾದದ್ದು ಅರ್ಧ ಗಂಟೆ.

ಸಂಜೆ ಮೇಲ್ವಿಚಾರಕನ ಫೋನು ಬಂತು. “ಸಾರ್, ನೀರು ಬಂತು.”

ಇಷ್ಟು ವರ್ಷದಲ್ಲಿ ಹೀಗೆಂದು ಹೇಳಲು ಯಾರೂ ಫೋನು ಮಾಡಿರಲಿಲ್ಲ. ಸಾಹೇಬರು “ಹೌದಾ? ಹೌದಾ?” ಎಂದು ಎರಡು ಸಲ ಕೇಳಿ ಇಟ್ಟುಬಿಟ್ಟರು.

ಒಳ್ಳೆಯ ಕೆಲಸಕ್ಕೆ ಶಿಕ್ಷೆ ತಪ್ಪುವುದುಂಟೆ? ವಾರದೊಳಗೆ ಮೇಲಧಿಕಾರಿಯ ನೋಟಿಸು ಬಂತು: ಅರ್ಧ ಗಂಟೆಯಲ್ಲಿ ಆಗುವ ಕೆಲಸಕ್ಕೆ ನಾಲ್ಕು ವರ್ಷ ತಗುಲಿದ್ದೇಕೆ? ಬೀದಿಯಲ್ಲಿ ನೀರಿಲ್ಲದ ನಾಲ್ಕು ವರ್ಷವೂ ಈ ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲ. ನೀರು ಬಂದದ್ದೇ ತಪ್ಪಾಯಿತು. ಪಕ್ಕದ ಮೇಜಿನವರು, “ಯಾಕೆ ಬೇಕಿತ್ತು ಸಾರ್ ಈ ವಯಸ್ಸಲ್ಲಿ?” ಎಂದು, ಕುಡಿತ ಕಲಿತವನನ್ನು ಕಂಡಂತೆ ಮರುಗಿದರು.

ಇದರಿಂದ ಸಾಹೇಬರು ಪಾಠ ಕಲಿತರು. ಕೌಂಟರಿನಲ್ಲಿ ಮೊದಲಿಗಿಂತ ಮೃದುವಾಗಿ ಅದೇ ಮಾತು ಹೇಳತೊಡಗಿದರು. ಆದರೆ ತಿಂಗಳಿಗೆ ಎರಡು ಮೂರು ಸಲ, ಊಟದ ಹೊತ್ತಿನಲ್ಲಿ, ಯಾರಿಗೂ ಕಾಣದಂತೆ ಒಂದು ಫೈಲನ್ನು ಅಂಗಿಯೊಳಗಿಟ್ಟುಕೊಂಡು ಹಿಂದಿನ ಬಾಗಿಲಿಂದ ಹೊರಡುತ್ತಾರೆ. ನೀರು ಬಿಡುವವನು ಸಂದಿಯ ತಿರುವಿನಲ್ಲಿ ಸೈಕಲ್ ಹಿಡಿದು ಕಾದಿರುತ್ತಾನೆ. ಎಲ್ಲೋ ಒಂದು ಬೀದಿಯಲ್ಲಿ ನೀರು ಬರುತ್ತದೆ. ಯಾರು ಬಿಟ್ಟರೆಂದು ಆ ಬೀದಿಯವರಿಗೆ ಗೊತ್ತಾಗುವುದಿಲ್ಲ.

ಮನೆಯಲ್ಲಿ ಟೀಚರು ಪ್ಯಾಂಟಿನ ಮಂಡಿಯ ಕೆಸರು ನೋಡಿ, “ಎಲ್ಲಿಗೆ ಹೋಗಿದ್ರಿ?” ಎನ್ನುತ್ತಾರೆ.

“ಎಲ್ಲಿಗೂ ಇಲ್ವಲ್ಲ. ಆಫೀಸಲ್ಲೇ ಕೂತಿದ್ದೆ.”

ಟೀಚರು ಪ್ಯಾಂಟನ್ನು ಬಕೆಟ್ಟಿನಲ್ಲಿ ನೆನೆಸುತ್ತಾರೆ.