ಎಡಗಡೆಯ ಹಿಂದಿನ ಗಾಲಿ

ನವೆಂಬರ್ ಹದಿನಾಲ್ಕು, ಶುಕ್ರವಾರ. ಸಂಜೆ ಏಳು ಗಂಟೆ ಹತ್ತು ನಿಮಿಷ. ಬಾದಾಮಿಯಲ್ಲಿ ನಮ್ಮ ಮನೆಯ ಮುಂದೆ. ಹಾಜರಿದ್ದವರು ಮೂವರು: ನಾನು, ನನ್ನ ಹೆಂಡತಿ ಶಾಂತವ್ವ, ಇಳಕಲ್ಲಿನ ದಾವಲಸಾಬ.

ನಡೆದದ್ದಕ್ಕೆ ಒಂದು ಅಕ್ಷರವನ್ನೂ ನಾನು ಸೇರಿಸಿಲ್ಲ. ಮೂವತ್ತನಾಲ್ಕು ವರ್ಷ ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರನಾಗಿದ್ದವನು. ಗಾಡಿ ಬಂದದ್ದು, ಹೋದದ್ದು, ತಡವಾದದ್ದು, ಎಲ್ಲವನ್ನೂ ನಿಮಿಷ ಸಮೇತ ಬರೆದು ಸಹಿ ಹಾಕಿದ ಕೈ ಇದು. ನಂಬದವರು ಮನೆಗೆ ಬರಲಿ, ಕಾರಿನ ನೋಟ್‌ಬುಕ್ ತೋರಿಸುತ್ತೇನೆ.

ಕಾರು ಕೊಂಡು ಒಂಬತ್ತು ತಿಂಗಳಾಗಿತ್ತು. ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನೂ ಪೂರ್ತಿ ತೆಗೆದಿರಲಿಲ್ಲ. ಅಷ್ಟರಲ್ಲಿ ಏಳು ಸಲ ನಡುರಸ್ತೆಯಲ್ಲಿ ನಿಂತಿತ್ತು. ಒಮ್ಮೆ ಕಲಾದಗಿಯ ಹತ್ತಿರ, ಸುಡುವ ಬಿಸಿಲಿನಲ್ಲಿ ಎರಡು ತಾಸು. ಶೋರೂಮಿಗೆ ಐದು ಸಲ ಒಯ್ದೆ. ಪ್ರತಿ ಸಲವೂ ಕಂಪ್ಯೂಟರಿನ ವೈರು ಚುಚ್ಚಿ ನೋಡಿ, “ಏನೂ ತೋರ್ಸವಲ್ದ್ರಿ ಸರ, ಗಾಡಿ ಫಸ್ಟ್‌ಕ್ಲಾಸ್ ಐತಿ” ಎಂದು ತೊಳೆದು ಕಳಿಸುತ್ತಿದ್ದರು. ತೊಳೆದು ಕೊಡಿ ಎಂದು ನಾನು ಕೇಳಿರಲಿಲ್ಲ.

ನಿಲ್ಲುವ ಮೊದಲು ಒಂದು ಸದ್ದು ಬರುತ್ತಿತ್ತು. ಒಳಗೆಲ್ಲೋ ದುಂಡಗಿನದೊಂದು ಹಿಂದಿನಿಂದ ಮುಂದಕ್ಕೆ ಉರುಳಿದಂತೆ... ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ, ಏಳು ಸಲವೂ. ಸದ್ದಿನ ಜೊತೆ ಬರುತ್ತಿದ್ದ ವಾಸನೆಯನ್ನು ಮಾತ್ರ ಬರೆದಿರಲಿಲ್ಲ. ವಾಸನೆಗೆ ನನ್ನ ರಿಜಿಸ್ಟರಿನಲ್ಲಿ ಕಾಲಂ ಇಲ್ಲ.

ಬೇಸತ್ತು ಮಾರುವುದೆಂದು ತೀರ್ಮಾನಿಸಿದೆ. ಸುದ್ದಿ ಕೇಳಿ ಮೊದಲು ಫೋನ್ ಮಾಡಿದವನು ದಾವಲಸಾಬ. ಹನ್ನೆರಡು ವರ್ಷ ನನ್ನ ಕೈಕೆಳಗೆ ಪಾಯಿಂಟ್ಸ್‌ಮನ್ ಆಗಿದ್ದವನು, ನಾನು ಹೇಳಿದ ಕಡೆ ಹಳಿ ತಿರುಗಿಸಿದವನು. ಅವನ ಹೆಂಡತಿಗೆ ಎರಡೂ ಕಿಡ್ನಿ ಹೋಗಿವೆ. ವಾರಕ್ಕೆರಡು ಸಲ ಇಳಕಲ್ಲಿನಿಂದ ಹುನಗುಂದದ ಮೇಲೆ ಬಾಗಲಕೋಟೆಗೆ ಡಯಾಲಿಸಿಸ್ಸಿಗೆ ಕರೆದೊಯ್ಯಬೇಕು. ಬಸ್ಸಿನಲ್ಲಿ ಕೂರುವ ಶಕ್ತಿ ಆಕೆಗೆ ಉಳಿದಿಲ್ಲ.

“ಖರೇ ಹೇಳಿ ಕೊಡ್ರಿ,” ಎಂದು ಶಾಂತವ್ವ ಬೆಳಿಗ್ಗೆಯೇ ಎಚ್ಚರಿಸಿದ್ದಳು. “ಒಂದೆರಡು ಸಲ ನಿಂತೈತಿ ಅಂತ ಹೇಳ್ತೇನಿ,” ಎಂದೆ.

“ಏಳು ಸಲ.”

ಆ ಕಾರು ಕಣ್ಮುಂದಿನಿಂದ ತೊಲಗಿದರೆ ಸಾಕಾಗಿತ್ತು ನನಗೆ.

ದಾವಲಸಾಬ ಬಂದದ್ದೇ ಕತ್ತಲಾದ ಮೇಲೆ, ಬೇಕೆಂದೇ. “ಆಕೀನ್ನ ಮನಿಗೆ ಕರ್ಕೊಂಡು ಬರೋದು ಇದ ಹೊತ್ತಿನ್ಯಾಗ್ರಿ ಸಾಹೇಬ್ರ. ಅದಕ್ಕ ಕತ್ತಲದಾಗ ಹೊಡದು ನೋಡ್ತೇನಿ.” ನಾನು ಬರೆದಿಟ್ಟಿದ್ದ ಹಸ್ತಾಂತರದ ಕಾಗದವನ್ನು ಅವನು ಓದಲೂ ಇಲ್ಲ. “ನಿಮ್ಮ ಸಹಿ ಐತಲ್ರಿ, ಮತ್ತೇನು ಓದೂದು,” ಎಂದು ನಕ್ಕ.

ಆ ನಗು ನನ್ನನ್ನು ಚುಚ್ಚಿತು. ಆದರೂ ಏಳು ಸಲ ನಿಂತದ್ದನ್ನು ಹೇಳಲಿಲ್ಲ.

ಕುಳಗೇರಿ ಕ್ರಾಸಿನವರೆಗೆ ಹೋಗಿ ಬರುವುದೆಂದಾಯಿತು. ಸ್ಟೇರಿಂಗ್ ಅವನದು, ಪಕ್ಕದಲ್ಲಿ ನಾನು, ಹಿಂದೆ ಶಾಂತವ್ವ. ಹೋಗುವಾಗ ಕಾರು ಬೆಣ್ಣೆಯಂತೆ ಓಡಿತು. ಕ್ರಾಸಿನಲ್ಲಿ ಚಹಾ ಕುಡಿದೆವು. “ಭಾಳ ಮೆತ್ತಗ ಐತ್ರಿ ಗಾಡಿ. ನಮ್ಮ ಬೀಬಿಗೆ ನಿದ್ದಿ ಹತ್ತತೈತಿ ಇದರಾಗ,” ಎಂದ.

ಎಂಟು ಗಂಟೆ ಐದು ನಿಮಿಷಕ್ಕೆ ಮರಳಿ ಹೊರಟೆವು. ಎರಡೂ ಬದಿಗೆ ಆಳೆತ್ತರದ ಜೋಳ. ಮುಂದೆಯೂ ಹಿಂದೆಯೂ ಒಂದು ಗಾಡಿಯಿಲ್ಲ...

ಎಂಟೂ ಇಪ್ಪತ್ತೆರಡು. ಉರುಳುವ ಸದ್ದು.

“ಏನೋ ಉಳ್ಳಾಕತ್ತೈತಲ್ರಿ ಒಳಗ?” ದಾವಲಸಾಬ ಕಿವಿ ಕೊಟ್ಟ.

ರಸ್ತೆ ಏರುಮುಖವಾಗಿತ್ತು. ಉರುಳುವ ವಸ್ತು ಹಿಂದಕ್ಕೆ ಹೋಗಬೇಕು. ಅದು ಮುಂದಕ್ಕೆ ಬರುತ್ತಿತ್ತು. ನನ್ನ ಸೀಟಿನ ಕೆಳಗೆ ಬಂದು ನಿಂತಿತು. ಆಮೇಲೆ ವಾಸನೆ... ಆಗಷ್ಟೇ ಕೊಯ್ದ ನಿಂಬೆಹಣ್ಣಿನದು. ಮೂಗಿನೊಳಗೆ ಉರಿಯುವಷ್ಟು ತಾಜಾ.

ಎಂಜಿನ್ ನಿಂತಿತು. ಅದರ ಹಿಂದೆಯೇ ದೀಪಗಳೂ ಆರಿದವು.

ಕತ್ತಲಲ್ಲಿ ಶಾಂತವ್ವ ಮೆಲ್ಲಗೆ ಹೇಳಿದಳು, “ಹಣ್ಣಿನ ವಾಸನಿ ರೀ. ನಿಮಗೂ ಬರಾಕತ್ತೈತೇನು?”

ಅಲ್ಲಿಯವರೆಗೆ ಆ ವಾಸನೆ ನನ್ನೊಬ್ಬನ ಮೂಗಿನದು ಎಂದುಕೊಂಡಿದ್ದೆ.

ಟಾರ್ಚು ಹಿಡಿದು ಇಳಿದೆವು. ಸೀಟಿನ ಕೆಳಗೆ, ಡಿಕ್ಕಿಯಲ್ಲಿ, ಬಾಗಿಲ ಜೇಬುಗಳಲ್ಲಿ ಹುಡುಕಿದೆ. ಏನೂ ಇಲ್ಲ. ದಾವಲಸಾಬ ಹಳೆಯ ರೂಢಿಯಂತೆ ಮೊಣಕಾಲೂರಿ ಒಂದೊಂದೇ ಗಾಲಿ ನೋಡುತ್ತ ಹೋದ. ಎಡಗಡೆಯ ಹಿಂದಿನ ಗಾಲಿಯ ಬಳಿ ಸುಮ್ಮನೆ ಕುಳಿತುಬಿಟ್ಟ.

“ಸಾಹೇಬ್ರ... ಇಲ್ಲಿ ಬರ್ರಿ.”

ಟೈರಿನ ಹಿಂಬದಿಗೆ ಒತ್ತಿಕೊಂಡು ಒಂದು ನಿಂಬೆಹಣ್ಣು ಕುಳಿತಿತ್ತು. ತೊಟ್ಟು ಹಸಿರಾಗಿತ್ತು. ಒಂದು ಪಕ್ಕೆಗೆ ಹಚ್ಚಿದ ಕುಂಕುಮ ಇನ್ನೂ ಒದ್ದೆಯಾಗಿತ್ತು.

ಶಾಂತವ್ವ ನನ್ನ ಮುಖ ನೋಡಿದಳು. ನಾನು ಆಕೆಯ ಮುಖ ನೋಡಲಿಲ್ಲ.

ಹೊಸ ಕಾರನ್ನು ಪೂಜೆಗೆ ಬನಶಂಕರಿಗೆ ಒಯ್ದ ದಿನ, ಎಲ್ಲರೂ ಮಾಡುವಂತೆ ನಾಲ್ಕು ಗಾಲಿಗೆ ಕುಂಕುಮ ಹಚ್ಚಿದ ನಾಲ್ಕು ನಿಂಬೆಹಣ್ಣು ಇಟ್ಟಿದ್ದೆವು. ಕಾರು ಮುಂದೆ ಹೋದಾಗ ಮೂರು ಒಡೆದವು. ಎಡಗಡೆಯ ಹಿಂದಿನದು ಗಾಲಿಗೆ ಸಿಗದೆ ಪಕ್ಕಕ್ಕೆ ಜಾರಿತು. “ಮತ್ತೊಮ್ಮಿ ಇಟ್ಟು ಹಾಯಿಸ್ರಿ,” ಎಂದಿದ್ದಳು ಶಾಂತವ್ವ. ನಾನು ಗಡಿಯಾರ ನೋಡಿದೆ. ಹತ್ತಕ್ಕೆ ಮನೆಯಲ್ಲಿರಬೇಕೆಂದು ನಾನೇ ಹಾಕಿಕೊಂಡ ವೇಳಾಪಟ್ಟಿ. “ಮೂರಾದ್ವಲ್ಲ, ನಡಿ,” ಎಂದೆ. ಹಣ್ಣನ್ನು ದಾರಿಯಲ್ಲಿ ಬಿಟ್ಟು ಹೊಲಸು ಮಾಡಬಾರದೆಂದು ಎತ್ತಿ ಬಾಗಿಲ ಜೇಬಿನಲ್ಲಿಟ್ಟೆ. ವಾರದ ಮೇಲೆ ಅದು ಅಲ್ಲಿರಲಿಲ್ಲ. ಆಕೆ ಎಸೆದಿರಬೇಕೆಂದು ನಾನು, ನಾನು ಎಸೆದಿರಬೇಕೆಂದು ಆಕೆ.

ಇದೆಲ್ಲವನ್ನೂ ಆ ರಸ್ತೆಯ ಮೇಲೆ ನಿಂತು ದಾವಲಸಾಬನಿಗೆ ಹೇಳಿದೆ. ಏಳು ಸಲ ನಿಂತದ್ದನ್ನೂ ಹೇಳಿದೆ.

ದಾವಲಸಾಬ ಟಾರ್ಚು ಆರಿಸಿ ಹೇಳಿದ, “ಕಡೀ ಡಬ್ಬಿ ಹಿಂದಿನ ಕೆಂಪು ದೀಪ ಕಾಣೂತನಕ ಗಾಡಿ ಪೂರಾ ದಾಟೇತಿ ಅಂತ ಲೈನ್ ಕ್ಲಿಯರ್ ಕೊಡಬ್ಯಾಡ ಅಂತ ನನಗ ಕಲಿಸಿದಾವ್ರು ನೀವು. ಮೂರ ಹಣ್ಣಿಗೆ ಕೊಟ್ರಿ?”

ನಾನು ತೆರೆದಿದ್ದ ಡಿಕ್ಕಿಯನ್ನು ಮುಚ್ಚಿದೆ.

“ಹಣ್ಣಿಂದು ಬಿಡ್ರಿ ಸಾಹೇಬ್ರ. ಏಳು ಸಲದ್ದು ಯಾಕ ಹೇಳಲಿಲ್ಲ? ಸೂಜಿ ಚುಚ್ಚಿಸ್ಕೊಂಡು ಸುಸ್ತಾದಾಕೀನ್ನ ಹಿಂಗ ಜೋಳದ ನಡುವ ಕೂಡಿಸ್ಕೊಂಡು ನಾ ಏನ್ ಮಾಡ್ಲಿ?”

“ಕುಳಗೇರಿ ಸಂತಿಗೆ ಹೊಂಟಾವರ ಚೀಲದಾಗಿಂದ ಬಿದ್ದಿರಬೇಕು ಆ ಹಣ್ಣು,” ಎಂದೆ ಸಿಟ್ಟಿನಿಂದ. ಸಿಟ್ಟು ಯಾರ ಮೇಲೆ ಎಂದು ನನಗೇ ಗೊತ್ತಿರಲಿಲ್ಲ.

“ಇರಲಿ. ನೀವು ಕೂಡ್ರಿ. ಹಿಂದಕ್ಕ ತಗೊಂಡು ಹಾಯಿಸ್ರಿ. ನಾವಿಬ್ರೂ ನೋಡ್ತೇವಿ.”

ಕೀಲಿ ತಿರುಗಿಸಿದೊಡನೆ ಎಂಜಿನ್ ಎದ್ದಿತು, ಏನೂ ಆಗಿಯೇ ಇಲ್ಲವೆಂಬಂತೆ. ಹಿಂದಕ್ಕೆ ಒಂದು ಗೇಣು... ಎರಡು ಗೇಣು... ಟೈರಿನ ಕೆಳಗೆ ‘ಪಟ್’ ಎಂದದ್ದು ನನ್ನ ಬೆನ್ನಿಗೇ ತಿಳಿಯಿತು.

“ಒಡೀತೇನು?” ಕಿಟಕಿಯಿಂದ ಕೇಳಿದೆ.

ಇಬ್ಬರೂ ಟಾರ್ಚು ಹಿಡಿದು ಬಗ್ಗಿ ರಸ್ತೆಯನ್ನೇ ಹುಡುಕುತ್ತಿದ್ದರು. ಇಳಿದು ಹೋದೆ. ರಸ್ತೆ ಒಣಗಿತ್ತು. ಟೈರು ಒಣಗಿತ್ತು. ಸಿಪ್ಪೆಯಿಲ್ಲ, ಬೀಜವಿಲ್ಲ, ಒಂದು ಹನಿ ರಸವಿಲ್ಲ.

“ಗಾಲಿ ಹಣ್ಣಿನ ಮ್ಯಾಲೆ ಹತ್ತೂದು ನೋಡೇನಿ,” ಎಂದ ದಾವಲಸಾಬ. “ಇಳಿದ ಮ್ಯಾಲೆ ಹಣ್ಣು ಇಲ್ಲ.”

ಮರಳುವ ದಾರಿಯಲ್ಲಿ ಕಾರು ಎಲ್ಲಿಯೂ ನಿಲ್ಲಲಿಲ್ಲ. ಒಂಬತ್ತು ಗಂಟೆ ಹದಿನೈದಕ್ಕೆ ಮನೆ ಸೇರಿದೆವು.

ಶಾಂತವ್ವ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ಎರಡನೆಯ ರೊಟ್ಟಿಗೆ ದಾವಲಸಾಬ ಬಾಯಿ ತೆರೆದ. “ಹಣ್ಣು ಒಡದೈತಿ ಅಂತ ನೀವು ಬರದು ಸಹಿ ಮಾಡ್ರಿ. ನಾಳೆ ಮುಂಜಾನಿ ಗಾಡಿ ಒಯ್ತೇನಿ. ನನಗೂ ಬ್ಯಾರೆ ದಾರಿ ಇಲ್ಲ.”

ಬರೆದರೆ ಕಾರು ಹೋಗುತ್ತಿತ್ತು. ಒಂಬತ್ತು ತಿಂಗಳ ಕಿರಿಕಿರಿ ಮುಗಿಯುತ್ತಿತ್ತು. ಒಂದು ಸಾಲು, ಒಂದು ಸಹಿ, ಅಷ್ಟೇ.

“ಒಡದದ್ದನ್ನ ನಾ ಕಂಡಿಲ್ಲ, ದಾವಲ. ಕಾಣದ್ದನ್ನ ಬರೆಯೂದಿಲ್ಲ. ಗಾಡಿ ನಿನಗ ಕೊಡೂದಿಲ್ಲ.”

ಅವನು ತಟ್ಟೆಯಲ್ಲಿ ಕೈ ತೊಳೆದ. “ಹಂಗಾರ ಮಂಗಳವಾರ ಮತ್ತ ಬಸ್ಸ,” ಎಂದಷ್ಟೇ ಹೇಳಿ ಪಡಸಾಲೆಯಲ್ಲಿ ಹಾಸಿದ್ದ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ.

ಹಸ್ತಾಂತರದ ಕಾಗದವನ್ನು ಹರಿದು ಬುಟ್ಟಿಗೆ ಹಾಕಿದೆ. ನೋಟ್‌ಬುಕ್ಕಿನಲ್ಲಿ ಎಂಟನೆಯ ಸಲದ್ದನ್ನು ಬರೆದೆ. ಮೊದಲ ಬಾರಿಗೆ ಅಂಚಿನಲ್ಲಿ ವಾಸನೆಯನ್ನೂ ಬರೆದೆ.

ದಿನದ ಕೊನೆಯ ಕೆಲಸ ಉಳಿದಿತ್ತು. ಪ್ರತಿ ರಾತ್ರಿ ಹತ್ತಕ್ಕೆ ಟಾರ್ಚು ಹಿಡಿದು ಕಾರಿನ ನಾಲ್ಕೂ ಗಾಲಿ ನೋಡಿ, ನೋಟ್‌ಬುಕ್ಕಿನಲ್ಲಿ ನಾಲ್ಕು ಗುರುತು ಹಾಕಿ ಮಲಗುವುದು ನನ್ನ ಪದ್ಧತಿ. ಹೊರಗೆ ಹೋದೆ. ಮುಂದಿನ ಎರಡೂ ಸರಿಯಾಗಿದ್ದವು. ಬಲಗಡೆಯ ಹಿಂದಿನದೂ ಸರಿಯಾಗಿತ್ತು. ಅಲ್ಲಿಂದ ಎಡಕ್ಕೆ ತಿರುಗಿದೆ...

ವಾಸನೆ ಬಂತು.

ಟಾರ್ಚು ಆರಿಸಿದೆ. ಒಳಗೆ ಬಂದು ಬಾಗಿಲ ಚಿಲಕ ಹಾಕಿದೆ. ನೋಟ್‌ಬುಕ್ಕಿನಲ್ಲಿ ಮೂರು ಗುರುತು ಹಾಕಿ, ನಾಲ್ಕನೆಯ ಜಾಗವನ್ನು ಖಾಲಿ ಬಿಟ್ಟು, ಕೆಳಗೆ ಸಹಿ ಮಾಡಿದೆ. ಹತ್ತು ಗಂಟೆ ಆರು ನಿಮಿಷ.